ನೂರಾಮೂರು ಕಡ್ಡಿಯ ಬುಟ್ಟಿ

ಹನ್ನೆರಡು ಬಿದಿರ ಸೀಳುಗಳನ್ನು ಅಡ್ಡಡ್ಡ ಹಾಸಿ, ಹೆಬ್ಬೆರಳಿನಿಂದ ನಡುವನ್ನು ಒತ್ತಿಹಿಡಿದು, ವೆಳ್ಳಚ್ಚಿ ಒಂದೇ ಒಂದು ತುದಿಯನ್ನು ಕತ್ತಿಯ ಮೊನೆಯಿಂದ ಸೀಳುತ್ತಿದ್ದಳು. ಹನ್ನೆರಡು ಸೀಳಿಗೆ ತುದಿ ಇಪ್ಪತ್ತನಾಲ್ಕು. ಒಂದನ್ನು ಸೀಳಿ ಎರಡು ಮಾಡಿದರೆ ಇಪ್ಪತ್ತೈದು. ಬುಟ್ಟಿ ಕಲಿತ ದಿನದಿಂದ ಅವಳ ಕೈ ಮಾಡಿಕೊಂಡು ಬಂದ ಕೆಲಸ ಅದು. ಕೂದಲೆಳೆಯಷ್ಟು ಆಚೀಚೆಯಾಗದೆ ಕತ್ತಿ ತಾನಾಗಿ ಇಳಿಯಬೇಕು.

"ಅಕ್ಕೋ, ಕೇಳಿದ್ಯಾ? ಮಾಷನ್ನ ಬೇರೆ ಜಯಿಲಿಗೆ ಸಾಗಿಸ್ತಾರಂತೆ."

ಕತ್ತಿ ಜಾರಿತು. ಸೀಳು ತುದಿಯಿಂದ ಹಿಡಿದು ಬುಡದವರೆಗೆ ಚರ್ ಎಂದು ಹರಿದುಹೋಯಿತು.

ಬಾಗಿಲಲ್ಲಿ ಕೆಂಪಿ ನಿಂತಿದ್ದಳು, ಸೊಂಟದಲ್ಲಿ ನೀರಿನ ಕೊಡ. ಪಕ್ಕದ ಗುಡಿಸಲಿನವಳು. ಸುದ್ದಿಯನ್ನು ನೀರಿಗಿಂತ ಮೊದಲು ತರುವವಳು.

"ಯಾರು ಹೇಳಿದ್ದು?"

"ಚಿಕ್ಕಣ್ಣ ಶೆಟ್ಟರು. ಪೇಪರಲ್ಲಿ ಬಂದಿದ್ಯಂತೆ. ಜಯಿಲಲ್ಲಿ ಊಟ ಬಿಟ್ಟು ಕೂತವ್ರನ್ನೆಲ್ಲ ಶುಕ್ರವಾರ ಎಲ್ಲೆಲ್ಲಿಗೋ ಒಬ್ಬೊಬ್ಬರನ್ನಾಗಿ ಕಳಿಸ್ತಾರಂತೆ. ಎಲ್ಲಿಗೆ ಅಂತ ಹೇಳಲ್ವಂತೆ. ಹೋಗ್ಲಿ ಬಿಡು, ಹಾಳಾದವ! ಎಲ್ಲಿಗಾದ್ರೂ ಹೋಗ್ಲಿ." ಕೆಂಪಿ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಆ ಸೀಳು ಎಂತಕ್ಕೆ ಹರೀತು? ನಿನ್ನ ತಮ್ಮನ್ನ ತಿಂದವ ಅವ."

"ಬಿದಿರು ಒಣಗಿದೆ, ಅದಕ್ಕೇ ಹರೀತು" ಎಂದಳು ವೆಳ್ಳಚ್ಚಿ.

ಬಿದಿರು ಒಣಗಿರಲಿಲ್ಲ. ನಿನ್ನೆ ಕಡಿದು ತಂದದ್ದು, ಬೆರಳಿಗೆ ಇನ್ನೂ ತಣ್ಣಗೆ ಹತ್ತುತ್ತಿತ್ತು. ಕೆಂಪಿಗೂ ಅದು ಗೊತ್ತು. ಅವಳು ಕೊಡ ಹೊತ್ತು ಹೊರಟುಹೋದಳು. ಅವಳ ಗಂಡ ಆವತ್ತು ಪೊಲೀಸರ ಕ್ಯಾಂಪಿನಿಂದ ಮನೆಗೆ ತಿರುಗಿ ಬಂದ ಹತ್ತು ಜನರಲ್ಲಿ ಒಬ್ಬ. ವೆಳ್ಳಚ್ಚಿಯೆದುರು ಹೆಚ್ಚು ಹೊತ್ತು ನಿಲ್ಲಲು ಅವಳಿಗೆ ಯಾವತ್ತೂ ಆಗುತ್ತಿರಲಿಲ್ಲ.

ವೆಳ್ಳಚ್ಚಿ ಹರಿದ ಸೀಳನ್ನು ಒಲೆಯ ಪಕ್ಕಕ್ಕೆ ಎಸೆದಳು. ಮಾಡಿನ ಹುಲ್ಲಿಗೆ ಕೈಹಾಕಿ ಒಂದು ಬಿದಿರ ನಳಿಗೆಯನ್ನು ತೆಗೆದಳು. ಅದರೊಳಗೆ ಸುರುಳಿ ಸುತ್ತಿದ ಒಂದು ಕಾಗದವಿತ್ತು. ಬಂದು ಎರಡು ಕರ್ಕಟಕದ ಮಳೆಗಾಲ ಕಳೆದಿದ್ದ ಕಾಗದ.

ದಿವಾಕರನ್ ಮಾಷ್ ಬೇಗೂರಿನ ಕಡೆಗೆ ಬಂದಾಗ ಅವರ ಮೀಸೆ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ಕಡಲ ಸೀಮೆಯವರು, ಅಲ್ಲಿಯ ಮಾತಿನಲ್ಲಿ ಮೇಷ್ಟ್ರಿಗೆ ಮಾಷ್. ಕಾಡಿನಂಚಿನ ಗುಡಿಸಲುಗಳ ನಡುವಿನ ಕಳದಲ್ಲಿ ಲಾಟೀನು ನೇತುಹಾಕಿ ರಾತ್ರಿಶಾಲೆ ಶುರುಮಾಡಿದರು. ಭೂಮಾಲೀಕ ಜನ್ಮಿಯ ಗದ್ದೆಯಲ್ಲಿ ದಿನವಿಡೀ ಬಗ್ಗಿದ ಬೆನ್ನುಗಳೆಲ್ಲ ಅಲ್ಲಿ ಬಂದು ಕೂರುತ್ತಿದ್ದವು. ಮಾಷ್ ಎರಡು ತರದ ಪಾಠ ಹೇಳುತ್ತಿದ್ದರು. ಒಂದು ನೆಲದ ಪಾಠ: ಯಾರು ಉತ್ತರು, ಯಾರು ಬಿತ್ತಿದರು, ಕಣಜ ಯಾರ ಮನೆಯಲ್ಲಿದೆ. ಇನ್ನೊಂದು ಅಕ್ಷರ ಮತ್ತು ಸಂಖ್ಯೆಯ ಪಾಠ. ತಮ್ಮ ಕೇತನ್ ಮೊದಲನೆಯದಕ್ಕೆ ಕಿವಿ ನಿಮಿರಿಸಿ ಕೂರುತ್ತಿದ್ದ, ಎರಡನೆಯದಕ್ಕೆ ತೂಕಡಿಸುತ್ತಿದ್ದ. ವೆಳ್ಳಚ್ಚಿಯದು ತದ್ವಿರುದ್ಧ. ಆನೆ ತುಳಿದು ಗಂಡ ಸತ್ತು ಇಪ್ಪತ್ತು ವರ್ಷವಾಗಿತ್ತು, ತಲೆ ಅಲ್ಲಲ್ಲಿ ನರೆತಿತ್ತು. ಈ ವಯಸ್ಸಿನಲ್ಲಿ ಸ್ಲೇಟು ಹಿಡಿದವಳನ್ನು ಹೆಂಗಸರು ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಒಂದು ಸಂಜೆ ಮಾಷ್ ಬೇಗ ಬಂದು ಅವಳ ಅಂಗಳದಲ್ಲಿ ಕೂತು ಬುಟ್ಟಿ ಹೆಣೆಯುವುದನ್ನು ನೋಡುತ್ತಿದ್ದರು.

"ಅಲ್ಲ ಚೇಚಿ, ಚೆನ್ನಾಗಿರೋ ಆ ಒಂದನ್ನ ಯಾಕೆ ಸೀಳ್ತೀರಿ?" ಅವರ ಕನ್ನಡ ಇಲ್ಲಿಯವರಿಂದಲೇ ಕಲಿತದ್ದು, ಅಲ್ಲಲ್ಲಿ ಕಡಲ ಉಪ್ಪು ಹತ್ತಿದ್ದು; ಅಕ್ಕ ಎನ್ನಲು ಚೇಚಿ ಎನ್ನುತ್ತಿದ್ದರು.

"ಸೀಳದಿದ್ರೆ ಬುಟ್ಟಿ ನಡೆಯಲ್ಲ ಮಾಷೇ. ಸರಿ ಕಡ್ಡಿ ಇದ್ರೆ, ಸುತ್ತಿಬಂದ ಎಳೆ ಮೊದ್ಲು ಮೇಲೆ ಹೋದಲ್ಲೇ ಮತ್ತೆ ಮೇಲೆ ಹೋಗ್ತದೆ. ಒಂದರ ತಲೆ ಮೇಲೆ ಒಂದು. ಕೈ ತೆಗೆದ್ರೆ ಕಳಚಿ ಬೀಳ್ತದೆ. ಬೆಸ ಇದ್ರೆ, ಈ ಸುತ್ತು ಮೇಲೆ ಹೋದಲ್ಲಿ ಮುಂದಿನ ಸುತ್ತು ಕೆಳಗೆ. ಆಗ ಹಿಡ್ಕೊಳ್ತದೆ."

"ಎರಡರ ಮೇಲೆ ಹಾರಿಸಿ ಒಂದರ ಕೆಳಗೆ ತೆಗೆದು ಹೆಣೆದ್ರೆ?"

"ಆಗ ಮೂರರಲ್ಲಿ ಹೋಗೋ ಕಡ್ಡಿ ಇರಬಾರದು. ಒಂಬತ್ತು, ಹದಿನೈದು ಆಗಲ್ಲ. ಹನ್ನೊಂದು, ಹದಿಮೂರು ಇವೆಯಲ್ಲ, ಅವು ಒಳ್ಳೇವು. ಯಾವ ಹೆಣಿಗೆ ಹಾಕಿದ್ರೂ ನಡೀತವೆ."

ಮಾಷ್ ಜೋರಾಗಿ ನಕ್ಕುಬಿಟ್ಟರು. ತಾನು ಪಟ್ಟಣದ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದನ್ನು ಇವಳು ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ ಎಂದರು. ಅಂಥ ಸಂಖ್ಯೆಗೆ ಅಭಾಜ್ಯ ಎಂದು ಹೆಸರು. ಒಂದರಿಂದ ಹೋಗುತ್ತದೆ, ತನ್ನಿಂದ ತಾನು ಹೋಗುತ್ತದೆ, ಬೇರೆ ಯಾವುದರಿಂದಲೂ ಶೇಷ ಉಳಿಯದೆ ಹೋಗುವುದಿಲ್ಲ. ಅವು ಎಷ್ಟು ದೂರ ಹೋದರೂ ಮುಗಿಯುವುದಿಲ್ಲ, ದೊಡ್ಡದಾದಷ್ಟೂ ವಿರಳವಾಗುತ್ತವೆ, ಅಷ್ಟೆ ಎಂದರು.

ವೆಳ್ಳಚ್ಚಿ ಆವತ್ತಿನ ಹಿಂದಿನ ದಿನವಷ್ಟೇ ಲಕ್ಷ ಬರೆಯಲು ಕಲಿತಿದ್ದಳು. ಹೊಸ ಸೀರೆ ಉಟ್ಟವಳಿಗೆ ಎಲ್ಲಿಗಾದರೂ ಹೋಗಬೇಕೆನಿಸುವ ಹಾಗೆ, ಆ ಲಕ್ಷವನ್ನು ಎಲ್ಲಾದರೂ ಹಾಕಬೇಕೆನಿಸಿತ್ತು.

"ಹದಿಮೂರು ಮುರಿಯಲ್ಲ. ಅದರ ಮೇಲೆ ಒಂದು ಲಕ್ಷ ಹೇರಿದ್ರೆ?"

"ಒಂದು ಲಕ್ಷದ ಹದಿಮೂರು!" ಮಾಷ್ ಸ್ಲೇಟು ಎಳೆದುಕೊಂಡರು. ಸರಿಸಂಖ್ಯೆಯಲ್ಲ, ಎರಡರಿಂದ ಹೋಗುವುದಿಲ್ಲ. ಅಂಕಿಗಳನ್ನು ಕೂಡಿದರೆ ಐದು, ಮೂರರಿಂದಲೂ ಹೋಗುವುದಿಲ್ಲ. ಕೊನೆಗೆ ಸೊನ್ನೆಯೂ ಇಲ್ಲ, ಐದೂ ಇಲ್ಲ. ಏಳರಿಂದ ಭಾಗಿಸಿದರು, ನಾಲ್ಕು ಉಳಿಯಿತು. ಹದಿಮೂರರಿಂದ ಭಾಗಿಸಿದರು, ಮತ್ತೂ ನಾಲ್ಕು ಉಳಿಯಿತು. "ತನ್ನ ಮಗನೇ ತನ್ನನ್ನು ಮುರಿಯಲಿಲ್ಲ ನೋಡಿ" ಎಂದು ಮತ್ತೆ ನಕ್ಕರು.

ಮುಂದಿನ ಹತ್ತು ದಿನ ಪಾಠ ಮುಗಿದ ಮೇಲೆ ಅದೊಂದು ಆಟವಾಯಿತು. ದಿನಕ್ಕೆ ಎರಡೋ ಮೂರೋ ಭಾಗಾಕಾರ. ಮುನ್ನೂರ ಹದಿನಾರರವರೆಗೆ ನೋಡಿದರೆ ಸಾಕು. ಅದಕ್ಕಿಂತ ದೊಡ್ಡದರಿಂದ ಹೋಗುವುದಾದರೆ ಅದರ ಜೊತೆಗಾರ ಸಣ್ಣದು ಮೊದಲೇ ಸಿಕ್ಕಿಬೀಳಬೇಕು ಎಂದು ಮಾಷ್ ಹೇಳಿಕೊಟ್ಟರು. ತೊಂಬತ್ತೇಳರಿಂದ ಭಾಗಿಸಿದಾಗ ಆರು ಉಳಿಯಿತು. ನೂರೊಂದರಿಂದ ಭಾಗಿಸಿದಾಗ ಇಪ್ಪತ್ತಮೂರು. "ಇದು ಮುರಿಯಲ್ಲ ಚೇಚಿ. ನನ್ನ ಮನಸ್ಸು ಹೇಳ್ತದೆ. ಉಳಿದದ್ದು ನೀವು ಮಾಡಿ" ಎಂದು ಸ್ಲೇಟು ಅವಳ ಕೈಗೆ ಕೊಟ್ಟು ಹೋದರು.

ಆ ವಾರವೇ ಜನ್ಮಿಯ ಕಣಜದ ಬೀಗ ಒಡೆದದ್ದು. ಭತ್ತ ಗುಡಿಸಲು ಗುಡಿಸಲಿಗೂ ಹೋಯಿತು. ಮೂರನೆಯ ದಿನ ಪೊಲೀಸರು ಬಂದರು. ತೋಟದ ಬಂಗಲೆಯೊಂದರಲ್ಲಿ ಕ್ಯಾಂಪು ಹಾಕಿ, ಸಿಕ್ಕ ಗಂಡಸರನ್ನೆಲ್ಲ ಅದರೊಳಗೆ ತುಂಬಿದರು. ಕೇತನ್ ಸೇರಿ ಹನ್ನೊಂದು ಕೂಲಿಯಾಳುಗಳು ಒಂದು ಕೋಣೆಯಲ್ಲಿ, ಗೋಡೆಯಾಚೆ ಮಾಷ್ ಒಬ್ಬರೇ. ಹಿಡಿದುಕೊಂಡು ಹೋದ ನಾಲ್ಕನೆಯ ದಿನ ಹತ್ತು ಜನ ಮನೆಗೆ ಬಂದರು. ಕೇತನ್ ಬರಲಿಲ್ಲ. ಬೀಗ ಒಡೆದವನು ಕೇತನ್ ಎಂದು ಮಾಷ್ ಹೇಳಿದ್ದರು.

ಅವನು ಬಂದದ್ದು ಒಂಬತ್ತು ತಿಂಗಳ ಮೇಲೆ. ಬಲಗೈಯಲ್ಲಿ ಕತ್ತಿ ನಿಲ್ಲುತ್ತಿರಲಿಲ್ಲ. ಕೆಮ್ಮಿದರೆ ಬಟ್ಟೆ ಕೆಂಪಾಗುತ್ತಿತ್ತು. ಅಕ್ಕ ಹೆಣೆಯುವುದನ್ನು ನೋಡುತ್ತ ಒಲೆಯ ಹತ್ತಿರ ಕೂರುತ್ತಿದ್ದ. ಬಿದಿರು ಕಡಿದು ತರುತ್ತಿದ್ದವನು ಅವನೇ. ಈಗ ಅವಳೇ ಕಡಿದು, ಅವಳೇ ಹೊತ್ತು, ಅವಳೇ ಸೀಳುತ್ತಿದ್ದಳು. ಮಳೆ ಬಿಡದೆ ಹೊಡೆಯುತ್ತಿದ್ದ ಕರ್ಕಟಕದ ಒಂದು ಮಧ್ಯಾಹ್ನ ಅವನಾಗಿಯೇ ಬಾಯಿಬಿಟ್ಟ.

"ಮೂರನೇ ದಿವಸ ಮಾಷ್ ನನ್ನ ಹೆಸರು ಹೇಳಿದ್ದು ಕೇಳ್ತು, ಅಕ್ಕ. ಗೋಡೆ ಹಲಗೆದು, ಎಲ್ಲ ಕೇಳ್ತಿತ್ತು."

ವೆಳ್ಳಚ್ಚಿ ಹೆಣೆಯುತ್ತಲೇ ಇದ್ದಳು.

"ಮೊದ್ಲೆರಡು ದಿವಸದ್ದೂ ಕೇಳ್ತು. ಯಾರು ಒಡೆದದ್ದು ಹೇಳು ಅಂತ ಹೊಡೀತಾ ಇದ್ರೆ, ಮಾಷ್ ಒಂದೇ ಮಾತು ಹೇಳೋರು. ಒಂದು ಲಕ್ಷದ ಹದಿಮೂರು. ಮತ್ತೆ ಹೊಡೆದ್ರೆ ಮತ್ತೂ ಅದೇ. ಅದೆಂತದೋ ಗುಟ್ಟಿನ ಅಂಕಿ ಅಂತ ತಿಳ್ಕೊಂಡು ಪೊಲೀಸ್ನೋರು ಬರ್ಕೊಂಡ್ರು. ಅದರ ಅರ್ಥ ಹೇಳು ಅಂತ ಅದಕ್ಕೂ ಬೇರೆ ಹೊಡೆದ್ರು." ಕೇತನ್ ನಗಲು ಹೋಗಿ ಕೆಮ್ಮಿದ. "ನಮ್ಮನ್ನೂ ಕೇಳಿದ್ರು. ನಂಗೆ ಗೊತ್ತಿತ್ತು, ಅದು ನಿನ್ನ ಬುಟ್ಟಿ ಸಂಖ್ಯೆ ಅಂತ. ನಾ ತೂಕಡಿಸ್ತಿದ್ರೂ ಕಿವಿ ತೆರೆದೇ ಇತ್ತು. ಹೇಳ್ಲಿಲ್ಲ. ಹೇಳಿದ್ರೆ ನಿನ್ನನ್ನೂ ತರ್ತಿದ್ರು."

ಆ ತಿಂಗಳು ಮುಗಿಯುವುದರೊಳಗೆ ಅವನು ಹೋದ.

ಮಾಷ್ ಕಾಗದ ಬಂದದ್ದು ಅದಾಗಿ ಇಪ್ಪತ್ತು ದಿನಕ್ಕೆ. ಕಾಗದದಲ್ಲಿ ನಾಲ್ಕೇ ಸಾಲು. 'ಚೇಚಿ, ಉಳಿದದ್ದು ಮಾಡಿದಿರಾ? ನೂರೊಂದರಲ್ಲಿ ನಾನು ನಿಲ್ಲಿಸಿದ್ದೆ. ಇಲ್ಲಿ ಬರೆದು ಮುಗಿಸಿದ ಕೂಡಲೇ ಪೆನ್ಸಿಲ್ ಕಿತ್ತುಕೊಳ್ಳುತ್ತಾರೆ, ಬಾಯಲ್ಲಿ ಮಾಡಿದರೆ ದಾರಿ ತಪ್ಪುತ್ತದೆ. ಮುರಿಯಲ್ಲ ಅಂತಲೇ ನಂಬಿದ್ದೇನೆ. ಕೇತನ್ ಹೇಗಿದ್ದಾನೆ ಎಂದು ಕೇಳುವ ಮುಖ ನನಗಿಲ್ಲ.' ಮೊದಲ ಸಾಲಿನ ಕೆಳಗೆ ಒಂದು ಕಡೆ ಯಾರೋ ದಪ್ಪಗೆ ಮಸಿ ಬಳಿದಿದ್ದರು.

ಕೇತನ್ ಸತ್ತದ್ದೂ ಗೊತ್ತಿಲ್ಲದವನಿಗೆ ಸಂಖ್ಯೆ ಬೇಕಂತೆ! ಅಂದು ಅವಳು ಉರಿದುಹೋಗಿದ್ದಳು. ಆದರೂ ಕೈ ಕೇಳಲಿಲ್ಲ. ಮೊರವನ್ನು ಬೋರಲು ಹಾಕಿ, ಒಲೆಯ ಇದ್ದಿಲು ತೆಗೆದು, ನೂರೊಂದರ ಮುಂದಿನ ಅಭಾಜ್ಯ ನೂರಾಮೂರರಿಂದ ಶುರುಮಾಡಿದಳು. ಸಾವಿರದಲ್ಲಿ ಒಂಬತ್ತು ಸಲ, ಎಪ್ಪತ್ತಮೂರು ಉಳಿಯಿತು. ಒಂದನ್ನು ಇಳಿಸಿದಳು, ಏಳು ಸಲ, ಹತ್ತು ಉಳಿಯಿತು. ಮೂರನ್ನು ಇಳಿಸಿದಳು. ನೂರಾಮೂರು. ಒಂದು ಸಲ. ಉಳಿದದ್ದು ಏನೂ ಇಲ್ಲ.

ಅವಳು ನಂಬಲಿಲ್ಲ. ತಿರುಗಿಸಿ ಗುಣಿಸಿದಳು. ನೂರಾಮೂರು ಗುಣಿಸು ಒಂಬೈನೂರ ಎಪ್ಪತ್ತೊಂದು. ಒಂದು ಲಕ್ಷದ ಹದಿಮೂರೇ ಬಂತು. ಮಾಷ್ ನಿಲ್ಲಿಸಿದ ಮೆಟ್ಟಿಲಿನ ಮುಂದಿನ ಮೆಟ್ಟಿಲಲ್ಲೇ ಅದು ಮುರಿದು ಬಿದ್ದಿತ್ತು. ಒಂಬೈನೂರ ಎಪ್ಪತ್ತೊಂದನ್ನು ಮುರಿಯಲು ಇಡೀ ವಾರ ನೋಡಿದಳು. ಅದು ಮುರಿಯಲಿಲ್ಲ, ನೂರಾಮೂರೂ ಮುರಿಯಲಿಲ್ಲ.

ಇದನ್ನು ಹೇಳಿದರೆ ಹೌದೇ ಎಂದು ಕೇಳುವವರು ಲೋಕದಲ್ಲಿ ಇಬ್ಬರೇ ಇದ್ದರು. ಒಬ್ಬ ಮಣ್ಣಿನೊಳಗೆ, ಒಬ್ಬರು ಜೈಲಿನೊಳಗೆ. ಕೆಂಪಿಗೆ ಒಮ್ಮೆ ಹೇಳಿನೋಡಿದ್ದಳು. "ಮುರಿದ್ರೆ ಮುರೀಲಿ, ಗಂಜಿಗೆ ಹಾಕಕ್ಕಾಗ್ತದಾ?" ಎಂದಿದ್ದಳು ಕೆಂಪಿ. ಅದು ಸುಳ್ಳೂ ಅಲ್ಲ. ಆಮೇಲೆ ವೆಳ್ಳಚ್ಚಿ ಆ ಸಂಖ್ಯೆಯನ್ನು ಬಾಯಲ್ಲಿಟ್ಟುಕೊಂಡೇ ಎರಡು ವರ್ಷ ಕಳೆದಳು. ಕೆಲವು ದಿನ ಅದು ಅವಳ ಕೈಯ ಕಲ್ಲು, ಎಸೆಯಲು ಕಾದಿಟ್ಟದ್ದು. 'ನಿಮ್ಮ ಸಂಖ್ಯೆಯೂ ಮುರಿಯಿತು ಮಾಷೇ.' ಅಷ್ಟೇ ಬರೆದರೆ ಸಾಕು, ಮಾಷಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗುತ್ತದೆ. ಕೆಲವು ದಿನ ಬುಟ್ಟಿಯ ಮೊದಲ ಸುತ್ತು ಹಾಕುವಾಗ ಹಲಗೆ ಗೋಡೆಯಾಚೆಯ ಕೂಗು ಕೇಳಿದಂತಾಗಿ ಕೈ ನಿಲ್ಲುತ್ತಿತ್ತು. ಹಾಗಾಗಿ ಎಸೆಯಲೂ ಇಲ್ಲ, ಕೆಳಗಿಡಲೂ ಇಲ್ಲ.

ಶುಕ್ರವಾರ ಅವರನ್ನು ಸಾಗಿಸುತ್ತಾರೆ. ಇವತ್ತು ಮಂಗಳವಾರ.

ಕೇಣಿಚಿರದ ಕಾಫಿ ತೋಟಕ್ಕೆ ಒಪ್ಪಿಕೊಂಡಿದ್ದ ಬುಟ್ಟಿಗಳಲ್ಲಿ ಎಂಟು ಮುಗಿದಿದ್ದವು. ಒಂದರೊಳಗೊಂದು ಇಟ್ಟು ತಲೆಗೆ ಹೊತ್ತು, ನಳಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ರಸ್ತೆಗಿಳಿದಳು.

ಚಿಕ್ಕಣ್ಣ ಶೆಟ್ಟರ ಹಿರಿಯರು ಗುಂಡ್ಲುಪೇಟೆಯ ಕಡೆಯಿಂದ ಬಂದು ಇಲ್ಲಿ ನೆಲೆಯಾದವರು. ರಸ್ತೆಬದಿಯ ಅವರ ಅಂಗಡಿಯಲ್ಲಿ ಉಪ್ಪು, ಸೀಮೆಎಣ್ಣೆ, ಹೊಗೆಸೊಪ್ಪು. ಜಗಲಿಯ ಮೂಲೆಯ ಮೇಜೇ ಅಂಚೆ ಕಚೇರಿ. ವೆಳ್ಳಚ್ಚಿಯ ಬುಟ್ಟಿಗಳನ್ನು ಬಸ್ಸಿಗೆ ಹಾಕುವವರೂ ಅವರೇ, ಟಪಾಲು ಚೀಲ ಕಟ್ಟುವವರೂ ಅವರೇ.

"ಬಾ ಬಾ, ಬುಟ್ಟಿ ರಾಣಿ. ಎಂಟೇ ತಂದ್ಯಾ? ತೋಟದವ್ರು ನನ್ನ ಕುತ್ತಿಗೆ ಹಿಡೀತಾರೆ."

"ಹಿಡೀಲಿ ಶೆಟ್ಟರೇ, ದಪ್ಪಗಿದೆ, ತಡ್ಕೊಳ್ತದೆ. ನಂಗೊಂದು ಕಾರ್ಡು ಕೊಡಿ."

ಶೆಟ್ಟರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವಳನ್ನು ನೋಡಿದರು. ಕಾರ್ಡನ್ನೂ ಪೆನ್ಸಿಲನ್ನೂ ಕೊಟ್ಟರು. ಅವಳು ಜಗಲಿಯ ಕಂಬಕ್ಕೆ ಒರಗಿ, ಬುಟ್ಟಿಯನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಕಾರ್ಡಿಟ್ಟು ಬರೆದಳು. ಎರಡು ವರ್ಷ ಬಾಯಲ್ಲಿದ್ದದ್ದು ಬರೆಯಲು ಎಷ್ಟು ಹೊತ್ತು! 'ಮಾಷೇ. 1,00,013 = 103 × 971. ಮುರಿಯಿತು. ವೆಳ್ಳಚ್ಚಿ.'

ಕಾರ್ಡು ನೋಡಿದ ಶೆಟ್ಟರು ಮೊದಲು ರಸ್ತೆಯ ಆಚೆಗೆ, ಆಮೇಲೆ ಈಚೆಗೆ ನೋಡಿದರು.

"ನಿಂಗೆ ಹುಚ್ಚಾ? ಈ ಸಂಖ್ಯೆಗೆ ಎಷ್ಟು ಜನದ ಬೆನ್ನು ಮುರೀತು ಗೊತ್ತಿಲ್ವಾ? ಜೈಲಿನ ಬಾಗಿಲಲ್ಲೇ ಕೂತು ಓದ್ತಾರೆ ಒಬ್ರು. ಇದು ಮಾಷ್ ಕೈಗೆ ಹೋಗಲ್ಲ. ನೇರ ಪೊಲೀಸ್ ಕೈಗೆ ಹೋಗ್ತದೆ, ಅಲ್ಲಿಂದ ಜೀಪಲ್ಲಿ ನಿನ್ನ ಗುಡಿಸಲಿಗೆ, ಬರೋವಾಗ ನನ್ನ ಅಂಗಡಿಗೂ. ಅವರ ಕಾಗದ ಇದ್ಯಲ್ಲ, ತೆಗಿ ಅದನ್ನ."

ಅವಳು ನಳಿಗೆಯಿಂದ ತೆಗೆದುಕೊಟ್ಟಳು. ಶೆಟ್ಟರು ಅದನ್ನು ಬೆಳಕಿಗೆ ಹಿಡಿದು, ಮಸಿ ಬಳಿದ ಜಾಗದ ಮೇಲೆ ಬೆರಳಿಟ್ಟರು. "ನೋಡು. ಇಲ್ಲಿ ಆರು ಅಂಕಿ ಇತ್ತು. ಅವರು ಬರೆದದ್ದಕ್ಕೇ ಹೀಗೆ ಮಾಡಿದ್ದಾರೆ."

ವೆಳ್ಳಚ್ಚಿಗೆ ಅದು ಇಷ್ಟು ದಿನ ಹೊಳೆದೇ ಇರಲಿಲ್ಲ. ಬೆಳಕಿನಲ್ಲಿ ಮಸಿಯ ಅಡಿಯಲ್ಲಿ ಪೆನ್ಸಿಲ್ ಒತ್ತಿದ ಗುರುತು ಕಾಣುತ್ತಿತ್ತು. ಒಂದು. ಆಮೇಲೆ ಮೂರು ಸೊನ್ನೆ, ಉರುಟುರುಟಾಗಿ, ಸ್ಲೇಟಿನಲ್ಲಿ ಅವರು ಬರೆಯುತ್ತಿದ್ದ ಹಾಗೆಯೇ.

"ಬಸ್ಸು ಎಷ್ಟು ಹೊತ್ತಿಗೆ?"

"ಅರ್ಧ ಗಂಟೆ. ಇವತ್ತಿನದು ತಪ್ಪಿದ್ರೆ ಶುಕ್ರವಾರದ ಒಳಗೆ ಮುಟ್ಟಲ್ಲ. ಬಿಡು ವೆಳ್ಳಚ್ಚಿ. ಎರಡು ವರ್ಷ ಬಿಟ್ಟದ್ದು ಬಿಟ್ಟದ್ದೇ ಆಗ್ಲಿ."

"ಇನ್ನೊಂದು ಕಾರ್ಡು ಕೊಡಿ."

"ಕೇಳಲ್ಲ ನೀನು. ಕೇತನ್ನೂ ಕೇಳ್ತಿರಲಿಲ್ಲ" ಎಂದು ಗೊಣಗುತ್ತ ಕೊಟ್ಟರು.

ಅವಳು ಕಾರ್ಡನ್ನು ಬುಟ್ಟಿಯ ಬೆನ್ನ ಮೇಲಿಟ್ಟಳು. ಸಂಖ್ಯೆ ಬರೆಯುವ ಹಾಗಿಲ್ಲ. ಮುರಿಯಿತು ಎನ್ನುವ ಹಾಗೂ ಇಲ್ಲ. ಏನು ಮುರಿಯಿತು ಎಂದು ಕೇಳುತ್ತಾರೆ. ಅವಳ ಬೆರಳು ತನ್ನಷ್ಟಕ್ಕೆ ಬುಟ್ಟಿಯ ಕಡ್ಡಿಗಳ ಮೇಲೆ ಓಡಾಡುತ್ತಿತ್ತು. ಕಡ್ಡಿ ಇಪ್ಪತ್ತೈದು. ಸುತ್ತು ನಲವತ್ತು. ಎಳೆ ಕಡ್ಡಿಯನ್ನು ದಾಟಿದ ಜಾಗ ಒಟ್ಟು ಸಾವಿರ. ಯಾವ ಬುಟ್ಟಿಯಾದರೂ ಅಷ್ಟೇ. ಕಡ್ಡಿಗೆ ಸುತ್ತನ್ನು ಗುಣಿಸಿದರೆ ದಾಟಿದ ಲೆಕ್ಕ. ಅವಳ ಬೆರಳು ನಿಂತಿತು. ಸೀಳಿದ ಕಡ್ಡಿಯ ಮೇಲೆ ಅದು ನಿಂತಿತ್ತು.

ಆಮೇಲೆ ಅವಳು ಎಡೆಬಿಡದೆ ಬರೆದಳು. ಅಕ್ಷರ ಮಾಷ್ ಕಲಿಸಿದ ಮಲಯಾಳದ್ದು, ಮಾತು ಅವಳದೇ.

'ಮಾಷೇ, ನಾನು ಒಂದು ದೊಡ್ಡ ಬುಟ್ಟಿ ನೋಡಿದ್ದೇನೆ. ಕಡ್ಡಿ ನೂರಾಮೂರು, ಸುತ್ತು ಒಂಬೈನೂರ ಎಪ್ಪತ್ತೊಂದು. ನಿಂತರೆ ತೇಗದ ಮರಕ್ಕಿಂತ ಎತ್ತರ. ನೀವು ನೂರೊಂದು ಕಡ್ಡಿಗೆ ಕೈಬಿಟ್ಟಿರಿ. ಅದರ ಮುಂದಿನದರಲ್ಲೇ ಅದು ಕೂತಿತು, ಒಂದು ಎಳೆಯೂ ಉಳಿಯಲಿಲ್ಲ. ನನಗೆ ಗೊತ್ತಾಗಿ ಎರಡು ವರ್ಷ. ಹೇಳಲಿಲ್ಲ. ಆ ಎರಡೂ ನಮ್ಮ ಹದಿಮೂರರ ಜಾತಿಯವು, ನೋಡಿದ್ದೇನೆ.'

ಪೆನ್ಸಿಲ್ ತುದಿಯನ್ನು ನಾಲಿಗೆಗೆ ತಾಗಿಸಿದಳು. ಕಾರ್ಡಿನಲ್ಲಿ ಎರಡು ಬೆರಳಿನಷ್ಟು ಜಾಗವಿತ್ತು.

'ಕೇತನ್ ಹೋಗಿ ಮೂರನೇ ವರ್ಷ. ಮೂರನೇ ದಿವಸದ ಮಾತು ಅವನು ಹೇಳಿದ. ಮೊದಲೆರಡು ದಿವಸದ್ದನ್ನೂ ಹೇಳಿದ. ಊಟ ಮಾಡಿ. ವೆಳ್ಳಚ್ಚಿ.'

ಶೆಟ್ಟರು ಓದಿದರು. ಇನ್ನೊಮ್ಮೆ ಓದಿದರು. "ಎಂತ ಬುಟ್ಟಿ ಇದು? ಯಾರಿಗೆ ಬೇಕು ಇಷ್ಟು ದೊಡ್ಡದು? ಆನೆ ತುಂಬಕ್ಕಾ?" ಎಂದರು. ಆದರೆ ಕೊನೆಯ ಸಾಲುಗಳಿಗೆ ಬಂದಾಗ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ವಿಳಾಸವನ್ನು ಅವರೇ ದುಂಡಗೆ ಬರೆದುಕೊಟ್ಟರು. ಮುದ್ರೆ ಬಿದ್ದ ಸದ್ದಿಗೆ ಜಗಲಿಯ ಕೆಳಗಿದ್ದ ಕೋಳಿ ಬೆಚ್ಚಿ ಓಡಿತು.

ಹಳೆಯ ಕಾರ್ಡನ್ನು ಏನು ಮಾಡಲಿ ಎಂದು ಕೇಳಿದರು. "ಒಲೆಗೆ ಹಾಕಿ" ಎಂದಳು.

ಕುಟ್ಟದ ಕಡೆಯಿಂದ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಕಂಡಕ್ಟರ್ ಬುಟ್ಟಿಗಳನ್ನು ಮೇಲೆ ಹಾಕಿಸಿಕೊಂಡ. ಒಳಗೆ ಜಾಗವಿಲ್ಲ, ಜನವೇ ಜನ ಎಂದು ಟಪಾಲು ಚೀಲವನ್ನೂ ಮೇಲಕ್ಕೇ ಕೇಳಿದ. ತಿರುವಿನಲ್ಲಿ ಉರುಳಿ ಬೀಳದಿರಲೆಂದು ಅದನ್ನು ಎಲ್ಲಕ್ಕಿಂತ ಮೇಲಿನ ಬುಟ್ಟಿಯೊಳಗೆ ಇಟ್ಟು, ಅಂಗೈಯಿಂದ ಎರಡು ಸಲ ಒತ್ತಿ ಕೂರಿಸಿದ.

ಬಸ್ಸು ಹೊರಟಿತು. ವೆಳ್ಳಚ್ಚಿ ರಸ್ತೆಯ ಅಂಚಿನಲ್ಲಿ ನಿಂತಿದ್ದಳು, ತಲೆಯ ಮೇಲೆ ಸಿಂಬಿ ಇನ್ನೂ ಹಾಗೆಯೇ ಇತ್ತು. ಬಿದಿರು ಮೆಳೆಗಳು ಎರಡು ಕಡೆಯಿಂದಲೂ ಬಾಗಿ ರಸ್ತೆಯನ್ನು ಮುಚ್ಚುವವರೆಗೂ ಆ ಬುಟ್ಟಿಯ ಅಂಚು ಅವಳಿಗೆ ಕಾಣುತ್ತಿತ್ತು.